ಚೆಂಡಿನ ಬೆನ್ನು ಬಿದ್ದ ಕ್ಯಾಮೆರಾ

“ಕಸ್ತೂರೆವ್ವಾ, ಚೆಂಡು ಒದೀರಿ! ಎಲ್ಲಿಗೆ ಬೇಕಾದ್ರೂ ಒದೀರಿ!”

ಪಕ್ಕದ ಮನೆಯ ಗದಿಗೆಯ್ಯ ಮಾಸ್ತರರು ಬೆಳಿಗ್ಗೆ ಏಳಕ್ಕೇ ನನ್ನನ್ನು ಅಂಗಳಕ್ಕೆ ಕರೆದು ಅಪ್ಪಣೆ ಮಾಡಿದರು. ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೆ ಅವರು ಯಂತ್ರ ಕಟ್ಟದ ದಿನವಿಲ್ಲ, ಯಂತ್ರ ಕೆಡದ ದಿನವೂ ಇಲ್ಲ. ನಾನು ಸೆರಗು ಸಿಗಿಸಿಕೊಂಡು ಒದ್ದೆ. ಮೂರು ಗಾಲಿಗಳ ಮೇಲೆ ನಿಂತಿದ್ದ ಅವರ ಹೊಸ ಕ್ಯಾಮೆರಾ ಗರ್ರೆಂದು ತಿರುಗಿ, ಚೆಂಡಿನ ಹಿಂದೆಯೇ ಓಡಿ, ಹೂಕುಂಡಗಳನ್ನು ಕೆಡವಿ, ನಮ್ಮ ಬಚ್ಚಲಮನೆಯೊಳಗೇ ನುಗ್ಗಿತು!

“ನೋಡಿದ್ರಿಲ್ಲೋ? ಒಮ್ಮೆ ಚೆಂಡು ಕಂಡ್ರ ಜೀವ ಹೋದ್ರೂ ಬಿಡಂಗಿಲ್ಲ!”

“ಅದಕ್ಕ ಜೀವ ಎಲ್ಲೈತ್ರಿ ಮಾಸ್ತರ್ರ?”

“ಬ್ಯಾಟರಿ ಐತಿ!”

ಅವರ ಹಟಕ್ಕೆ ಕಾರಣವಿತ್ತು. ಮೊಮ್ಮಗಳು ನೀಲಾ ಕಾಲೇಜು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹೋದ ತಿಂಗಳ ಫೈನಲ್‌ನಲ್ಲಿ ಅವಳು ಗೆರೆಯ ಮೇಲೆ ಹಿಡಿದ ಚೆಂಡನ್ನು ರೆಫರಿ ‘ಗೋಲ್’ ಎಂದುಬಿಟ್ಟರು. ಎದುರು ತಂಡದ ನಾಯಕಿ ಭಾಗ್ಯಶ್ರೀ ನೀಲಾಳ ಸೋದರತ್ತೆಯ ಮಗಳು. ನೀಲಾ ಬೇಕೆಂದೇ ಬಿಟ್ಟುಕೊಟ್ಟಳು ಎಂದು ಊರೆಲ್ಲ ಗುಲ್ಲು. ಕುರ್ಚಿಗಳು ಹಾರಿದವು. ಮತ್ತೊಮ್ಮೆ ಆಡಿಸಬೇಕೆಂದು ತೀರ್ಮಾನವಾಯಿತು. ಆವತ್ತಿನಿಂದ ನೀಲಾ ಯಾರಿಗೂ ಮುಖ ತೋರಿಸುತ್ತಿರಲಿಲ್ಲ.

“ಈ ಸಲ ಗೆರಿ ಮ್ಯಾಲಿನ ಒಂದೊಂದು ಹುಲ್ಲೂ ಚಿತ್ರದಾಗ ಬರಬೇಕು!” ಎಂದರು ಮಾಸ್ತರರು.

ಪಂದ್ಯದ ದಿನ ಮೈದಾನದ ಪಕ್ಕದ ಗೆರೆಯಗುಂಟ ಕ್ಯಾಮೆರಾ ಹತ್ತು ನಿಮಿಷ ಜಾಣನಂತೆ ಓಡಾಡಿತು. ಅಷ್ಟರಲ್ಲಿ ಕಾಲೇಜಿನ ಪಿಟಿ ಮಾಸ್ತರರು ಬೆವರೊರೆಸಲು ಟೋಪಿ ತೆಗೆದರು. ಬಿಸಿಲಿಗೆ ಬೋಳುತಲೆ ಫಳಫಳ ಹೊಳೆಯಿತು. ಕ್ಯಾಮೆರಾ ಚೆಂಡು ಬಿಟ್ಟು ಅವರ ಬೆನ್ನು ಬಿತ್ತು! ಅವರು ನಡೆದರೆ ನಡೆಯಿತು, ಓಡಿದರೆ ಓಡಿತು.

“ಮಾಸ್ತರ್ರ, ನಿಮ್ಮ ಗಾಡಿ ಹಿಡೀರಿ!”

“ಮೊದಲ ನೀವು ಟೊಪಗಿ ಹಾಕ್ಕೊಳ್ರಿ!”

ಟೋಪಿ ತಲೆಗೇರಿದ ಮೇಲೆ ಅದು ಮರಳಿ ಆಟದತ್ತ ತಿರುಗಿತು. ಮಾಸ್ತರರು ಅದಕ್ಕೊಂದು ಹಗ್ಗ ಕಟ್ಟಿ, ತುದಿಯನ್ನು ನನ್ನ ಕೈಗಿಟ್ಟರು. ದ್ವಿತೀಯಾರ್ಧವಿಡೀ ಚೆಂಡಿನ ಹಿಂದೆ ಕ್ಯಾಮೆರಾ, ಕ್ಯಾಮೆರಾದ ಹಿಂದೆ ನಾನು! ಜನ ಆಟ ನೋಡುವುದನ್ನೇ ಬಿಟ್ಟು ನನಗೆ ಚಪ್ಪಾಳೆ ತಟ್ಟತೊಡಗಿದರು.

ಕೊನೆಯ ನಿಮಿಷ. ಎರಡೂ ಕಡೆ ಗೋಲಿಲ್ಲ. ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವಳು ಭಾಗ್ಯಶ್ರೀಯೇ!

“ಇನ್ನೂ ಹತ್ತಿರದಿಂದ ಬೇಕು,” ಎಂದು ಮಾಸ್ತರರು ಗಾಡಿಯ ವೇಗ ಹೆಚ್ಚಿಸುವ ಕೆಂಪು ಗುಂಡಿಗೆ ಕೈ ಹಾಕಿದರು.

“ಬ್ಯಾಡ್ರಿ!” ಎಂದೆ. ಒತ್ತಿಯೇಬಿಟ್ಟರು.

ಭಾಗ್ಯಶ್ರೀ ಒದ್ದಳು. ನೀಲಾ ಮುಂದಕ್ಕೆ ಹಾರಿ ಚೆಂಡನ್ನು ಎದೆಗೆ ಅವುಚಿಕೊಂಡಳು. ಅದೇ ಗಳಿಗೆಗೆ ಕ್ಯಾಮೆರಾ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಮೈದಾನಕ್ಕೆ ನುಗ್ಗಿತು! ಜೋಳದ ಚೀಲದಷ್ಟು ಭಾರದ ಗಾಡಿ, ಆಗಷ್ಟೇ ಎದ್ದು ನಿಂತವಳನ್ನು ಚೆಂಡಿನ ಸಮೇತ ಗೋಲಿನೊಳಕ್ಕೆ ದಬ್ಬತೊಡಗಿತು.

“ಚೆಂಡು ಬಿಡವಾ ನೀಲಾ!” ಎಂದು ಅಜ್ಜ ಕೂಗಿದರು.

“ಬಿಡಂಗಿಲ್ಲ ಅಜ್ಜಾ!”

ಅವಳ ಹಿಮ್ಮಡಿಗಳು ನೆಲವನ್ನು ಉಳುತ್ತ ಹಿಂದೆ ಸರಿದವು. ಗೆರೆ ಇನ್ನು ಗೇಣಷ್ಟೇ ದೂರ! ಆಗ ಭಾಗ್ಯಶ್ರೀ ಓಡಿಬಂದು ಗಾಡಿಯನ್ನು ಹಿಂದಿನಿಂದ ಎತ್ತಿ ಹಿಡಿದಳು.

“ಬಿಡಬ್ಯಾಡ ನೀಲಾ! ಗಟ್ಟಿ ನಿಲ್ಲು!”

ಗೆಲ್ಲಬೇಕಾದ ತಂಡದ ನಾಯಕಿ ಹೀಗೆ ಕೂಗಿದ್ದನ್ನು ಇಡೀ ಮೈದಾನ ಕೇಳಿತು. ಗಾಲಿಗಳು ಗಾಳಿಯಲ್ಲಿ ತಿರುಗಿ ತಿರುಗಿ ಬ್ಯಾಟರಿ ಸತ್ತಿತು. ನೀಲಾ ನಿಂತದ್ದು ಗೆರೆಗೆ ನಾಲ್ಕು ಬೆರಳು ಮುಂಚೆ. ಗುಲ್ಲೆಬ್ಬಿಸಿದವರೇ ಮೊದಲು ಎದ್ದು ಚಪ್ಪಾಳೆ ಹೊಡೆದರು. ನೀಲಾ ಚೆಂಡು ಹಿಡಿದುಕೊಂಡೇ ಗಳಗಳನೆ ಅತ್ತಳು.

ಚಿತ್ರ ಹಾಕಿ ನೋಡಿದೆವು. ಗೆರೆಯಿಲ್ಲ, ಹುಲ್ಲಿಲ್ಲ. ಪರದೆಯ ತುಂಬ ಚೆಂಡಿನ ಹೊಲಿಗೆ ಮತ್ತು ಅದನ್ನು ಅವುಚಿದ ಹತ್ತು ಬೆರಳು. ಮಾಸ್ತರರು ಅದನ್ನೇ ನಾಲ್ಕು ಸಲ ನೋಡಿದರು.

ಆಟ ಗೋಲಿಲ್ಲದೆಯೇ ಮುಗಿದದ್ದರಿಂದ ಕಪ್ಪನ್ನು ಎರಡೂ ಕಾಲೇಜಿಗೆ ಹಂಚಿದರು. ರೆಫರಿ ಮಾತ್ರ ಬಿಡಲಿಲ್ಲ. ಕ್ಯಾಮೆರಾಕ್ಕೆ ಕೆಂಪು ಕಾರ್ಡು ತೋರಿಸಿ ವರದಿ ಬರೆದರು: ‘ವಯಸ್ಸು: ಹನ್ನೊಂದು ದಿನ. ತಪ್ಪು: ಗೋಲ್‌ಕೀಪರ್ ಮೇಲೆ ಹಲ್ಲೆ.’

ಕೆಳಗೆ ‘ಪಾಲಕರ ಸಹಿ’ ಎಂದಿದ್ದಲ್ಲಿ ಮಾಸ್ತರರು ಹೆಮ್ಮೆಯಿಂದಲೇ ಸಹಿ ಹಾಕಿದರು.