ಅಪ್ಪಯ್ಯನ ಕವಳಕ್ಕೆ ಹದಿನಾಲ್ಕು ಸೆಕೆಂಡು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಮನೆಯಲ್ಲಿ ಫ್ಯೂಸ್ ಹೋದರೆ ತಾನೇ ಹಾಕುತ್ತಾನೆ ಎಂದು ನೀವು ನಂಬಿದ್ದರೆ, ನೀವು ಮೇಷ್ಟ್ರುಗಳನ್ನು ಹತ್ತಿರದಿಂದ ಕಂಡವರಲ್ಲ. ಬ್ರಹ್ಮಾವರದ ಕಡೆಯ ಶಾಲೆಯೊಂದರಲ್ಲಿ ನಾನು ಕರಿಹಲಗೆಯ ಮೇಲೆ ಬಿಡಿಸಿದ ಸರ್ಕ್ಯೂಟುಗಳಿಗೆ ಲೆಕ್ಕವಿಲ್ಲ. ಒಂದರಲ್ಲೂ ಕರೆಂಟು ಹರಿದಿಲ್ಲ, ಹಾಗಾಗಿ ಒಂದೂ ಸುಟ್ಟಿಲ್ಲ. ರಿಲೇಯ ಚಿತ್ರ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಇದ್ ಎಂತಕ್ಕೆ?" ಎಂದು ಕೇಳಿದ್ದ. "ನಾಲ್ಕು ಮಾರ್ಕಿಗೆ" ಎಂದು ಕೂರಿಸಿದ್ದೆ. ನಿವೃತ್ತನಾಗಿ ಯಡ್ತರೆಯ ಮನೆಯಲ್ಲಿ ಕಾಲು ಚಾಚಿ ಕೂತ ಮೇಲೆ, ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಗ್ರಹಚಾರ ನನಗೆ ವಕ್ಕರಿಸಿತು.

ನಮ್ಮ ಚಾವಡಿಯಲ್ಲಿ ಒಂದು ಹಳೆಯ ಆಂಪ್ಲಿಫೈಯರ್, ಅದಕ್ಕೆ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿವೆ. ಹಿಂಬದಿಯಲ್ಲಿ ಪಿನ್ ಸಿಕ್ಕಿಸುವ ತೂತುಗಳಲ್ಲಿ ಜೀವಂತವಾಗಿರುವುದು ಒಂದೇ. ಟಿವಿಯ ಸ್ವಂತ ಗಂಟಲು ಹೋಗಿ ವರ್ಷವಾಯಿತು, ಆದ್ದರಿಂದ ಅದಕ್ಕೆ ಈ ಪೆಟ್ಟಿಗೆಯೇ ಗತಿ. ನನ್ನ ಹೆಂಡತಿ ಸುಮಿತ್ರಾ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹೊಲಿಯುವಷ್ಟು ಹೊತ್ತೂ ಧಾರಾವಾಹಿಯವರು ಜೊತೆಗಿರಬೇಕು. ಇನ್ನು ನನ್ನ ಅಮ್ಮ. ಎಂಬತ್ತು ದಾಟಿದೆ, ಕಿವಿ ಮಂದ. ಈ ದೊಡ್ಡ ಪೆಟ್ಟಿಗೆಯಲ್ಲಿ ಬಂದರೆ ಮಾತ್ರ ಮಾತು ತಿಳಿಯುತ್ತದೆ. ಅವಳು ಕೇಳುವುದು ಒಂದನ್ನೇ: ಅಪ್ಪಯ್ಯನ ತಾಳಮದ್ದಳೆ. ವೇಷ ಕಟ್ಟದೆ, ಕೂತಲ್ಲೇ ಬರೀ ಮಾತಿನಲ್ಲಿ ಯುದ್ಧ ಮಾಡಿ ರಾಜ್ಯ ಗೆಲ್ಲುವ ಆ ಕಲೆಯಲ್ಲಿ ತೀರಿಹೋದ ನನ್ನ ಅಪ್ಪಯ್ಯ ಊರಿಗೆ ಬೇಕಾದ ಅರ್ಥಧಾರಿ. ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ಅವರ ಮಾತನ್ನೆಲ್ಲ ಒಂದು ಪುಟ್ಟ ಪ್ಲೇಯರಿಗೆ ಹಾಕಿಸಿ ಅಮ್ಮನ ಕೈಗೆ ಕೊಟ್ಟಿದ್ದೆ.

ತೊಂದರೆ ಇದ್ದದ್ದು ಆ ಒಂದೇ ತೂತಿನಲ್ಲಿ. ಅಮ್ಮನಿಗೆ ಬೇಕಾದಾಗ ಟಿವಿಯ ಪಿನ್ನು ಕಿತ್ತು ಪ್ಲೇಯರಿನದು ಹಾಕಬೇಕು, ಮುಗಿದ ಮೇಲೆ ಅದನ್ನು ಕಿತ್ತು ಮತ್ತೆ ಟಿವಿಯದು. ಗೋಡೆಗೂ ಸ್ಟ್ಯಾಂಡಿಗೂ ನಡುವೆ ತಲೆ ತೂರಿಸಿ ಬಗ್ಗುವ ಕೆಲಸ ಅಮ್ಮನ ಮಂಡಿಗೆ ಆಗದು. "ಮಗಾ, ವಯರ್ ಹಾಕ್" ಎಂದು ಅವಳು, "ಹ್ವಾಯ್, ಬನ್ನಿ ಕಾಂಬ" ಎಂದು ಇವಳು ಕರೆದಾಗಲೆಲ್ಲ ನಾನು ಬಗ್ಗುತ್ತಿದ್ದೆ, ಏಳುವಾಗ ಒಂದೊಂದು ಸಲ ದೇವರನ್ನೂ ಬಯ್ಯುತ್ತಿದ್ದೆ. ಅದು ಕೇಳಿಸಿತೋ ಏನೋ, ಅಮ್ಮ ಕರೆಯುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ನೋಡಿದರೆ, ಪ್ಲೇಯರನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಲ್ಲಿ ಒರೆಸುತ್ತ ಕೂತಿದ್ದಾಳೆ. ಯಾಕಮ್ಮ ಹಾಕಲಿಲ್ಲ ಎಂದರೆ, "ಎಷ್ಟ್ ಸಲ ಬಗ್ಗುದ್ ಮಗಾ? ನಿಂಗೂ ಪ್ರಾಯ ಆಯ್ತ್ ಅಲ್ದಾ" ಎಂದಳು. ಗಂಡನ ಮಾತು ಕೇಳಲು ಮಗನ ಸೊಂಟದ ಅಪ್ಪಣೆ ಬೇಕೇ? ಅಮ್ಮ ಗುಂಡಿ ಒತ್ತಬೇಕು, ಅಪ್ಪಯ್ಯ ಮಾತಾಡಬೇಕು, ನಡುವೆ ಯಾರೂ ಇರಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

"ಇನ್ನೊಂದ್ ಪೆಟ್ಟಿಗಿ ತಂದ್ರೆ ಮುಗಿತಲ್ಲ ಮಾರಾಯ್ರೆ?" ಎಂದಳು ಸುಮಿತ್ರಾ. ಒಂದೇ ಚಾವಡಿಯಲ್ಲಿ ಎರಡು ಪೆಟ್ಟಿಗೆ ಕೂಗಿದರೆ ಎತ್ತು ಏರಿಗೆ, ಕೋಣ ನೀರಿಗೆ ಆಗುತ್ತದೆ ಎಂದು ವಾದಿಸಿದೆ. ನಿಜ ಹೇಳಬೇಕೆಂದರೆ, ಮೇಷ್ಟ್ರ ಹಮ್ಮು ಕೆರಳಿತ್ತು. ಉಪಾಯವೇನೋ ಸರಳ. ಎರಡೂ ವಯರುಗಳು ಒಂದು ರಿಲೇಗೆ, ಅಂದರೆ ತಾನಾಗಿ ಹೊರಳುವ ಸ್ವಿಚ್ಚಿಗೆ, ಬರುತ್ತವೆ. ಪ್ಲೇಯರಿನಲ್ಲಿ ಸದ್ದು ಹುಟ್ಟಿದೊಡನೆ ರಿಲೇ ಟಕ್ಕೆಂದು ಅಮ್ಮನ ಕಡೆ ಹೊರಳುತ್ತದೆ, ಸದ್ದು ನಿಂತರೆ ಟಿವಿಯ ಕಡೆ ಮರಳುತ್ತದೆ. ಹಲಗೆಯ ಮೇಲಾದರೆ ಐದು ನಿಮಿಷದ ಕೆಲಸ. ಮೇಜಿನ ಮೇಲೆ ಐದು ದಿನ ಹಿಡಿಯಿತು. ಬೆಸುಗೆ ಕಡ್ಡಿಯಲ್ಲಿ ನಾನು ಸುಟ್ಟದ್ದು ಎರಡು ಟ್ರಾನ್ಸಿಸ್ಟರ್, ಒಂದು ಹೆಬ್ಬೆರಳು, ಮತ್ತೆ ಯಾರದೋ ಮದುವೆ ರವಿಕೆಯ ಒಂದು ತೋಳು. ಆ ತೋಳಿನ ವಿಷಯ ಇಲ್ಲಿ ಬೇಡ.

ಕೊನೆಗೂ ಬಿಸ್ಕತ್ತಿನ ಡಬ್ಬಿಯೊಳಗೆ ಎಲ್ಲವನ್ನೂ ಕೂರಿಸಿ, ಅಮ್ಮನ ಕೈಯಲ್ಲೇ ಗುಂಡಿ ಒತ್ತಿಸಿದೆ. ಟಕ್! ಧಾರಾವಾಹಿ ಬಾಯಿ ಮುಚ್ಚಿತು, ಅಪ್ಪಯ್ಯ ಗುಡುಗಿದರು. ಅವರು ರಾಜ, ಎದುರಿಗೆ ಶತ್ರುವಿನ ದೂತ. "ಹೇಳು! ಯುದ್ಧವೋ, ಸಂಧಾನವೋ? ಏನು ನಿನ್ನ ಒಡೆಯನ ಉತ್ತರ?" ಎಂದು ಕೇಳಿ ಗತ್ತಿನಿಂದ ಸುಮ್ಮನಾದರು. ಟಕ್! "ಅತ್ತೆ, ಇನ್ನೊಂದು ದೋಸೆ ಹಾಕ್ಲಾ?" ಎಂದಳು ಟಿವಿಯ ಸೊಸೆ. ಟಕ್! "ಛೀ! ವೀರರಾಡುವ ಮಾತೇ ಇದು!" ಎಂದು ಅಪ್ಪಯ್ಯ ಅಬ್ಬರಿಸಿದರು. ಸುಮಿತ್ರಾ ನಕ್ಕೂ ನಕ್ಕೂ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟಳು. ಅಮ್ಮ ನಗಲಿಲ್ಲ. "ಅವ್ರ್ ಮಾತಾಡ್ತಾ ಇಪ್ಪತಿಗೆ ಮಧ್ಯ ಬಾಯಿ ಹಾಕುಕೆ ಊರಂಗ್ ಯಾರಿಗೂ ಧೈರ್ಯ ಇರ್ಲ. ಬಿಡ್ ಮಗಾ, ಟಿವಿಯೇ ಇರ್ಲಿ" ಎಂದು ಒಳಗೆ ಹೋದಳು. ನನಗೆ ಡಬ್ಬಿಯನ್ನು ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು.

ಸದ್ದು ನಿಂತ ಮೇಲೂ ರಿಲೇಯನ್ನು ಹಿಡಿದಿಡುವುದು ಕೆಪಾಸಿಟರ್. ನಾನು ಹಾಕಿದ್ದು ತೀರಾ ಚಿಕ್ಕದು, ಒಂದು ಉಸಿರಿನಷ್ಟು ಹೊತ್ತು ಕಾಯುವಂಥದ್ದು. ಮರುದಿನವೇ ಬಸ್ಸು ಹತ್ತಿ ಕುಂದಾಪುರದ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ಶಿಷ್ಯ. "ಎಷ್ಟ್ ಹೊತ್ತ್ ಹಿಡಿಕ್ ಸಾರ್?" ಎಂದ. ಒಂದು ಅಂದಾಜಿಗೆ ಕೊಡು ಎಂದೆ. "ನೀವೇ ಪಾಠ ಮಾಡಿದ್ರಿ ಅಲ್ದಾ, ಮೊದ್ಲ್ ಅಳತಿ, ಆಮೇಲ್ ಪ್ರಯೋಗ ಅಂದ್ಹೇಳಿ?" ಎಂದು ಹಲ್ಲು ಕಿರಿದ. ಮರ್ಯಾದೆ ಉಳಿಸಿಕೊಳ್ಳಲು, ಇದ್ದದ್ದರಲ್ಲಿ ದಪ್ಪದ್ದೇ ಕೊಡು ಎಂದು ತಂದು ಹಾಕಿದೆ. ಅಪ್ಪಯ್ಯ ನಿರಾತಂಕವಾಗಿ ಮಾತಾಡಿದರು. ಆದರೆ ಅಮ್ಮ ಪ್ಲೇಯರ್ ನಿಲ್ಲಿಸಿದ ಮೇಲೆ ಮೂರು ನಿಮಿಷ ಟಿವಿ ಮೂಗಿ! "ಮಗು ಯಾರ್ದ್ ಅಂದೇಳ್ ಹೇಳೂ ಹೊತ್ತಿಗ್ ಸ್ವರ ಹೋಯ್ತಲ್ದಾ!" ಎಂದು ಸುಮಿತ್ರಾ ಕತ್ತರಿ ಹಿಡಿದೇ ಎದ್ದು ನಿಂತಳು. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದೆ.

ಇನ್ನು ಅಳತೆಯೇ ಗತಿ. ರಿಲೇಯನ್ನು ಬದಿಗಿಟ್ಟು, ಅಮ್ಮನನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಕೈಗಡಿಯಾರ ಬಿಚ್ಚಿಟ್ಟುಕೊಂಡು ಅಪ್ಪಯ್ಯನ ಮೌನಗಳನ್ನು ಅಳೆಯತೊಡಗಿದೆ. ಮೂರು ಮಧ್ಯಾಹ್ನ ಹಿಡಿಯಿತು. ಪ್ರತಿಯೊಂದು ಮೌನದ ಜಾತಕವೂ ಅಮ್ಮನಿಗೆ ಗೊತ್ತು! "ಇದ್ ಎದ್ರಿನವ್ರನ್ನ್ ಹೆದ್ರ್ಸುಕೆ" ಎಂದಳು, ಐದು ಸೆಕೆಂಡು. "ಇಲ್ಲ್ ಮಾತ್ ಮರ್ತ್ ಹೋಯ್ತ್, ಯಾರಿಗೂ ಗೊತ್ತಾಯ್ಲ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು, ಒಂಬತ್ತು. ಎಲ್ಲಕ್ಕಿಂತ ಉದ್ದದ್ದು ಬಂದಾಗ ಅಮ್ಮ ಕಣ್ಣು ಮುಚ್ಚಿದಳು. "ಇದ್ ಕವಳ. ಎಲಿ ಮಡ್ಚಿ ಬಾಯಿಗ್ ಹಾಕ್ದ್ರ್. ಸುಣ್ಣ ಜಾಸ್ತಿ ಆಯ್ತ್, ಕಾಣ್, ಈಗ್ ಕೆಮ್ತ್ರ್." ಹೌದು, ಕೆಮ್ಮಿದರು! ಹದಿನಾಲ್ಕು ಸೆಕೆಂಡು. ಬದುಕಿದ್ದಾಗ ಅಪ್ಪಯ್ಯನನ್ನು ಇಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ.

ಅಳತೆಗೆ ತಕ್ಕ ಕೆಪಾಸಿಟರ್ ತಂದು ಹದಿನೈದು ಸೆಕೆಂಡಿಗೆ ಕೂರಿಸಿದೆ, ಒಂದು ಸೆಕೆಂಡು ಮಗನ ಲೆಕ್ಕದಲ್ಲಿ ಹೆಚ್ಚಿಗೆ. ಭಾನುವಾರ ಅಮ್ಮ ಗುಂಡಿ ಒತ್ತಿದಳು. ರಾಜ ಕೇಳಿದ, ಕವಳ ಹಾಕಿದ, ಕೆಮ್ಮಿದ, ಮತ್ತೆ ಗುಡುಗಿದ. ಟಿವಿಯ ಸೊಸೆ ಕಮಕ್ ಕಿಮಕ್ ಎನ್ನಲಿಲ್ಲ. ಒಂದು ಗಂಟೆ ನಾನು ಉಸಿರು ಬಿಗಿಹಿಡಿದು ಕೂತೆ, ರಿಲೇ ಒಂದು ಸಲವೂ ತಪ್ಪಲಿಲ್ಲ. ಅಮ್ಮ ನಿಲ್ಲಿಸಿದಳು, ಹದಿನೈದು ಎಣಿಸಿ ಮುಗಿಸುತ್ತಲೇ ಟಕ್ಕೆಂದು ಧಾರಾವಾಹಿ. "ಮಾವಯ್ಯಂಗೆ ಅಷ್ಟ್ ಹೊತ್ತ್ ಮರ್ಯಾದಿ ಕೊಡುಕ್ ಅಡ್ಡಿಲ್ಲ" ಎಂದು ಸುಮಿತ್ರಾ ಕೂಡ ಒಪ್ಪಿದಳು. ಗೆದ್ದೆ ಮಾರಾಯ್ರೆ, ಗೆದ್ದೆ! ಈಗ ಅಮ್ಮ ಯಾರನ್ನೂ ಕೇಳುವುದಿಲ್ಲ, ಮನಸ್ಸು ಬಂದಾಗ ಗುಂಡಿ ಒತ್ತುತ್ತಾಳೆ. ಬಂದವರಿಗೆಲ್ಲ, "ನಮ್ ಮಗ ಮಾಡಿದ್ದ್" ಎಂದು ಬಿಸ್ಕತ್ತಿನ ಡಬ್ಬಿ ತೋರಿಸುತ್ತಾಳೆ.

ಆ ದಿನ ಊಟಕ್ಕೆ ಕೂತಾಗ, ಗೆದ್ದವನ ಹಕ್ಕಿನಿಂದ, ಇಬ್ಬರಿಗೂ ನನ್ನ ಸಾಧನೆಯನ್ನು ವಿವರಿಸಲು ಹೊರಟೆ. "ಇಡೀ ಗುಟ್ಟಿರುವುದು ಆ ಕೆಪಾಸಿಟರಿನಲ್ಲಿ. ಅದು ಏನು ಮಾಡುತ್ತದೆ ಎಂದರೆ..." ಎಂದು, ಬಾಯಲ್ಲಿದ್ದ ತುತ್ತು ನುಂಗಲು ಒಂದು ಕ್ಷಣ ನಿಲ್ಲಿಸಿದೆ. "ಅತ್ತೆ, ಬಂಗ್ಡಿಗೆ ಹುಳಿ ಸಾಕಾಯ್ತಾ?" ಎಂದಳು ಸುಮಿತ್ರಾ. "ಸ್ವಲ್ಪ ಕಮ್ಮಿ ಆಯ್ತ್" ಎಂದಳು ಅಮ್ಮ. ಮಾತು ಅಲ್ಲಿಂದ ಮೀನು ಮಾರುವವಳ ಮಗಳ ಮದುವೆಗೆ ಹೋಯಿತು. ನಾನು ಹದಿನೈದಲ್ಲ, ಅರವತ್ತರವರೆಗೆ ಎಣಿಸಿದೆ; ಸರದಿ ಮರಳಿ ಬರಲಿಲ್ಲ. ಅಪ್ಪಯ್ಯ ಕವಳ ಹಾಕಿ ಮುಗಿಸುವ ತನಕ ಕಾಯುವ ಈ ಮನೆಯಲ್ಲಿ, ನನ್ನ ವಯರಿಗೆ ಇನ್ನೂ ಯಾರೂ ಕೆಪಾಸಿಟರ್ ಹಾಕಿಲ್ಲ.