ಅತ್ತೆಯ ಗೋಡೆ ಫೋಟೋ ಹುಡುಕಿದ ಕಥೆ

ಇಡೀ ಮನೆತನದ ಫೋಟೋಗಳನ್ನು ಒಬ್ಬಳೇ ಒಪ್ಪವಾಗಿ ಇಡಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಬಿ.ಎ. ಓದಿದವಳು. ರಾಯಚೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶ ಎಲ್ಲಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ ಊರು, ವರ್ಷ ಬರೆದಿಟ್ಟಿದ್ದೇನೆ. ಉಳಿದವರು ಇದಕ್ಕೆ ಕೊಟ್ಟ ಸಹಕಾರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

೧. ಅತ್ತೆಯ ಅಪ್ಪಣೆ

ಮಾವ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಸರಿಯಾದ ಫೋಟೋ ಇರಲಿಲ್ಲ. ಯಾರದೋ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಇಂದಿಗೂ ಅವರ ಒಂದು ಕೆನ್ನೆ ಉಬ್ಬಿದೆ, ಒಳಗೆ ಹೋಳಿಗೆ. ಅದನ್ನು ದಿನಾ ನೋಡುವ ಅತ್ತೆ ನನ್ನನ್ನು ಕರೆದರು.

"ನಂದೂ ಹಿಂಗ ಮಾಡಬ್ಯಾಡ್ರಿ. ಯಾವ ಫೋಟೋ ಹಾಕ್ತೀರಿ, ನಾ ಇರೂವಾಗ್ಲೇ ತೋರಸ್ರಿ."

"ಎಷ್ಟೊತ್ತಿನ ಕೆಲಸ ಅತ್ತಿ, ಈಗ ಹುಡುಕಿ ಕೊಡ್ತೀನಿ," ಅಂದೆ.

ಯಜಮಾನರ ಫೋನಿನಲ್ಲಿ ಬರೀ ಗುಲಾಬಿ ಹೂವಿನ ಶುಭೋದಯಗಳು. ಅಳಿಸುವಂತಿಲ್ಲ. "ಮಂದಿ ಪ್ರೀತಿಲೇ ಕಳಿಸ್ಯಾರ" ಎನ್ನುತ್ತಾರೆ. ನನ್ನ ಫೋಲ್ಡರುಗಳಲ್ಲಿ ಅತ್ತೆ ಎಲ್ಲೆಡೆ ಇದ್ದರು. ಒಂದರಲ್ಲಿ ಸೆರಗು, ಇನ್ನೊಂದರಲ್ಲಿ ಮೊಣಕೈ, ಮತ್ತೊಂದರಲ್ಲಿ ರೊಟ್ಟಿ ಬಡಿಯುವ ಬೆನ್ನು.

ಸಂಜೆಗೆ ಅತ್ತೆ ಕೇಳಿದರು: "ಬಿ.ಎ. ಮುಗಿಸಾಕೂ ಇಷ್ಟ ಹೊತ್ತು ಹಿಡದಿತ್ತೇನವಾ?"

೨. ದೇವದುರ್ಗದ ಮೈದುನ

ದೇವದುರ್ಗದಲ್ಲಿರುವ ಮೈದುನ ಸಮಾಜಸೇವೆ ಮಾಡುತ್ತಾನೆ, ಅಂದರೆ ಫ್ಲೆಕ್ಸ್ ಕಟ್ಟಿಸುತ್ತಾನೆ. "ಅವ್ವಂದು ಭಾರಿ ಫೋಟೋ ಅದ ವೈನಿ, ಈಗ ಕಳಸ್ತೀನಿ," ಅಂದ. ಬಂದದ್ದು ಅವನದೇ ಹುಟ್ಟುಹಬ್ಬದ ಫ್ಲೆಕ್ಸಿನ ಫೋಟೋ. ನಡುವೆ ಕರಿ ಕನ್ನಡಕ ಹಾಕಿಕೊಂಡು ಕೈಮುಗಿದ ಇವನು, ಸುತ್ತ ಶುಭ ಕೋರುವ ಗೆಳೆಯರು.

"ಇದರಾಗ ಅತ್ತಿ ಎಲ್ಲಿದಾರ?"

"ಕೆಳಗ ಎಡಕ್ಕ ನೋಡ್ರಿ. ಪಂಚರ್ ಅಂಗಡಿಯಾಂವನ ಬಾಜೂ."

ದೊಡ್ಡದು ಮಾಡಿ ನೋಡಿದೆ. ಪಂಚರ್ ಅಂಗಡಿಯವನು ಬಹಳ ಸ್ಪಷ್ಟವಾಗಿದ್ದ. ಅತ್ತೆ ಇದ್ದ ಮೂಲೆಗೆ ಮೊಳೆ ಹೊಡೆದಿದ್ದರು.

೩. ಮಾನ್ವಿಯ ನಾದಿನಿ

ಮಾನ್ವಿಯ ನಾದಿನಿ ಯಾವ ಮುಖವನ್ನೂ ದೇವರು ಕೊಟ್ಟಂತೆ ಬಿಡುವವಳಲ್ಲ. ಫೋನಿನಲ್ಲಿ ತಿದ್ದಿಯೇ ಕಳಿಸುತ್ತಾಳೆ. ತಾಯಿಯ ಫೋಟೋವನ್ನೂ ತಿದ್ದಿದ್ದಳು. ಸುಕ್ಕು ಹೋಗಿತ್ತು, ತುಟಿ ಕೆಂಪಾಗಿತ್ತು. ಅತ್ತೆಯ ಹಣೆಯ ಮೇಲಿನ ಹಚ್ಚೆಯನ್ನು ಕಲೆ ಎಂದು ತಿಳಿದು ಫೋನು ಅದನ್ನೂ ಒರೆಸಿ ಹಾಕಿತ್ತು.

ಅತ್ತೆಗೆ ತೋರಿಸಿದೆ.

"ಯಾರ ಪೈಕಿ ಹುಡುಗಿ? ಲಗ್ನ ಆಗ್ಯದೇನು?"

"ಇದು ನೀವ ಅತ್ತಿ."

"ಹಂಗಾದ್ರ ಗ್ವಾಡಿಗಿ ಬ್ಯಾಡ. ವರ ನೋಡ್ರಿ."

೪. ಫೋನಿನ ಬುದ್ಧಿ

ಕೊನೆಗೆ ವಿದ್ಯಾವಂತರ ದಾರಿ ಹಿಡಿದೆ. ಮುಖ ಗುರುತಿಸಿ ಒಬ್ಬೊಬ್ಬರ ಫೋಟೋಗಳನ್ನು ತಾನೇ ಬೇರೆ ಮಾಡುವ ಸೌಲಭ್ಯ ನನ್ನ ಫೋನಿನಲ್ಲಿದೆ. ಸೆರಗಿನ ಮರೆಯಲ್ಲಿ ಅರ್ಧ ಕಂಡ ಒಂದು ಮುಖಕ್ಕೆ 'ಅತ್ತೆ' ಎಂದು ಹೆಸರು ಕೊಟ್ಟೆ. ಫೋನು ದೊಡ್ಡ ಗುಂಪನ್ನೇ ಹುಡುಕಿ ಕೊಟ್ಟಿತು. ಅದರಲ್ಲಿ ಒಂದನ್ನು ಆರಿಸುವ ಕೆಲಸವನ್ನು ಯಜಮಾನರಿಗೆ ಬಿಟ್ಟೆ. ಹೆತ್ತ ತಾಯಿಯ ಮುಖ ಮಗನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅವ್ವನ ಮುಖದಾಗ ಏನು ಕಳಿ ಅದ," ಎಂದು ತಾವೇ ಮೆಚ್ಚಿ, ನನಗೆ ತೋರಿಸದೆ ಫ್ರೇಮ್ ಅಂಗಡಿಗೆ ಕಳಿಸಿಬಿಟ್ಟರು. ಅವ್ವನ ಫೋಟೋ ಎಂದು ಹೇಳಿ ಇಷ್ಟು ದೊಡ್ಡದು ಮಾಡಿಸುತ್ತಾರೆ ಎಂದರೆ ತೀರಿಕೊಂಡವರದೇ ಎಂದು ಅಂಗಡಿಯವರು ಗಂಧದ ಹಾರವನ್ನೂ ಹಾಕಿ ಕೊಟ್ಟರು.

ಯಜಮಾನರು ಅತ್ತೆಯ ಮುಂದೆ ಕಾಗದ ಬಿಚ್ಚಿದರು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು.

"ಹಣಿ ಮ್ಯಾಲಿನ ಹಚ್ಚಿ ಎಲ್ಲಿ ಹೋತು?"

"ಫೋನ್ ಒರಸಿರಬೇಕವ್ವಾ."

"ಹಚ್ಚಿ ಒರಸೀತು. ಮುಖಾನೂ ಬದಲು ಮಾಡ್ತದೇನು? ಇಕಿ ನಿನ್ನ ಹೇಣ್ತಿ."

ಬಗ್ಗಿ ನೋಡಿದೆ. ಹಾರದೊಳಗೆ ನಗುತ್ತಿದ್ದವಳು ನಾನೇ. ಫೋನಿನ ಲೆಕ್ಕದಲ್ಲಿ ನಾನೂ ಅತ್ತೆಯೂ ಒಂದೇ. ನನ್ನನ್ನು ಕಟ್ಟಿಕೊಂಡವರ ಲೆಕ್ಕದಲ್ಲೂ ಹಾಗೇ. ಅವರು ಫ್ಯಾನಿನ ಕಡೆ ನೋಡತೊಡಗಿದರು.

ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಫೋನ್ ತಗೊಂಡು ಬಾ ಯವ್ವಾ. ನಂದು ಈಗ ತೆಗಿ. ನಿಂದು ಹೆಂಗೂ ತಯಾರಾಗ್ಯದ."