ಹಿಂದಿನ ಸೀಟಿನ ಯಜಮಾನ್ರು

ಲೆಕ್ಕ ಬಂದ್ರೆ ಸಾಕು ಅಂತ ಹೇಳಿ ನನ್ನನ್ನ ಇನ್ಶೂರೆನ್ಸ್ ಏಜೆಂಟ್ ಕೆಲಸಕ್ಕೆ ಹಚ್ಚಿದ್ರು. ಗುಂಡಿಗೆಯೂ ಬೇಕು ಅಂತ ಯಾವ ಪುಣ್ಯಾತ್ಮನೂ ಹೇಳಲಿಲ್ಲ. ಚಳ್ಳಕೆರೆಯಲ್ಲಿ ಮೊಪೆಡ್ ಮೇಲೆ ಫಾರಂ ಹೊತ್ತು ತಿರುಗುತ್ತಿದ್ದ ಆ ವರ್ಷಗಳಲ್ಲಿ ಒಂದಿಲ್ಲೊಂದು ಪೇಚಾಟ ನಡೀತಾನೇ ಇತ್ತು. ಅದರಲ್ಲೂ ಒಂದು ಬಿಳಿ ಅಂಬಾಸಿಡರ್ ನನ್ನನ್ನ ಅರೆದುಬಿಟ್ಟಿತು.

1. ಐದನೇ ಸೀಟು

ಕಾರು ಶೇಂಗಾ ವ್ಯಾಪಾರದ ಸಾಹುಕಾರರದ್ದು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರ ಮನೆಯಿಂದ ತೀರಾ ಅಗ್ಗಕ್ಕೆ ತಂದಿದ್ದರು. ಆ ವ್ಯಾಪಾರಿ ಊರಿಗೆ ವಾಪಸ್ ಹೋಗ್ತಾ, ಇದೇ ಕಾರಿನ ಹಿಂದಿನ ಸೀಟಲ್ಲಿ ಕೂತಲ್ಲೇ ಪ್ರಾಣ ಬಿಟ್ಟಿದ್ದರಂತೆ.

ಸಾಹುಕಾರರು ನನ್ನ ದೊಡ್ಡ ಗಿರಾಕಿ. ಅವರು ಕೈಬಿಟ್ರೆ ಪೇಟೆಯೆಲ್ಲ ಬೇರೆ ಏಜೆಂಟನ ಹಿಂದೆ ಹೋಗೋದು, ನನ್ನ ಮನೆ ಒಲೆ ಆರೋದು ಖಚಿತ. ಅದಕ್ಕೇ ಕಾರಿಗೆ ಇನ್ಶೂರೆನ್ಸ್ ಮಾಡಿಸಬೇಕು ಅಂದಾಗ ಸಮಾಧಾನವಾಗಿ ವಿವರಿಸಿದೆ. ಪ್ರೀಮಿಯಂ ಎಷ್ಟು ಅನ್ನೋದು ಕಾರಿನ ಬೆಲೆ, ವಯಸ್ಸು, ಇಂಜಿನ್ನು ನೋಡಿ ಹಾಕ್ತಾರೆ. ಬಾಡಿಗೆಗೆ ಓಡಿಸಿದ್ರೆ ಜಾಸ್ತಿ. ವರ್ಷವಿಡೀ ಕ್ಲೇಮ್ ಮಾಡದಿದ್ರೆ ಮುಂದಿನ ವರ್ಷ ಕಡಿಮೆ.

"ಎಲ್ಲಾ ಹೇಳಿದ್ರಿ ಏಜೆಂಟ್ರೇ, ಒಳಗೆ ಇರೋರ ಬಗ್ಗೆ ಕೇಳಲೇ ಇಲ್ಲ" ಅಂದ್ರು.

"ಯಾರಿದ್ದಾರೆ?"

"ಹಳೇ ಯಜಮಾನ್ರು. ಇನ್ನೂ ಇಳಿದಿಲ್ಲ. ಫಾರಂನಾಗೆ ಐದು ಸೀಟು ಅಂತ ಐತಲ್ಲ, ಅವರನ್ನ ಸೇರಿಸಿ ಐದಾ, ಬಿಟ್ಟು ಐದಾ?"

2. ಪೆನ್ಸಿಲ್ ಗೀಚು

ಹಳೇ ಪಾಲಿಸಿ ಅವಧಿ ಮುಗಿದು ಲ್ಯಾಪ್ಸ್ ಆಗಿತ್ತು. ಹಾಗಾದ್ರೆ ಕಾರನ್ನ ಕಣ್ಣಾರೆ ನೋಡಿ, ಬಾನೆಟ್ ಒಳಗೆ ಕೆತ್ತಿರೋ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿಂದ ಗೀಚಿ, ಮೂಡಿದ ಅಚ್ಚನ್ನ ಆಫೀಸಿಗೆ ಕೊಡಬೇಕು. ಕಾರು ಬಿ.ಜಿ. ಕೆರೆ ಹತ್ರದ ಅವರ ತೋಟದ ಶೆಡ್ಡಲ್ಲಿತ್ತು. ಮಟಮಟ ಮಧ್ಯಾಹ್ನ. ಒಂದು ಕಾಗೆಯೂ ಕೂಗ್ತಿರಲಿಲ್ಲ. ಡ್ರೈವರ್ ಬಾಗಿಲ ಹತ್ರ ನಿಂತು ಬೀಡಿ ಸೇದ್ತಿದ್ದ. ನಾನು ಬಾನೆಟ್ ಎತ್ತಿ, ಒಳಗೆ ತಲೆ ತೂರಿಸಿ ಗೀಚೋಕೆ ಶುರು ಮಾಡಿದೆ.

ಮೂರು ಅಂಕಿ ಮೂಡಿರಬೇಕು, ಕಿವಿ ಪಕ್ಕದಲ್ಲೇ ಹಾರ್ನ್ ಬಡಕೊಂಡಿತು. ಅಯ್ಯಯ್ಯೋ! ಎದ್ದ ರಭಸಕ್ಕೆ ಬಾನೆಟ್ ತಲೆಗೆ ಬಡಿದು ಕಣ್ಣಿಗೆ ಕತ್ತಲೆ ಕಟ್ತು. ಕಾರಿನೊಳಗೆ ನರಪಿಳ್ಳೆ ಇಲ್ಲ. ಹಿಂದಿನ ಸೀಟಿನ ಬಿಳಿ ಕವರು ಮಾತ್ರ ಯಾರೋ ಕೂತಂಗೆ ತಗ್ಗಾಗಿತ್ತು.

"ಹೆದರಬೇಡಿ ಸಾರ್" ಅಂದ ಡ್ರೈವರ್. "ಒಂದ್ಸಲ ಹಾರ್ನ್ ಹೊಡೆದ್ರೆ ಯಜಮಾನ್ರು ಒಪ್ಪಿದ್ರು ಅಂತ. ಒಪ್ಪಿಗೆ ಇಲ್ಲಾಂದ್ರೆ ಬಾಗಿಲು ತೆಗೆದು ಇಳೀತಾರೆ."

ಹಿಂದಿನ ಬಾಗಿಲು 'ಕಟಕ್' ಅಂತು. ಉಳಿದ ನಂಬರು ಗೀಚೋಕೆ ಡ್ರೈವರನ್ನೇ ಕಳಿಸಿದೆ. ಅವನ ಬೆನ್ನು ಹಿಡಿದುಕೊಂಡು ನಿಂತಿದ್ದು ಮಾತ್ರ ನಾನೇ.

3. ಕಾವಲುಗಾರನಿಗೆ ರಿಯಾಯಿತಿ

ವರ್ಷ ಮುಗೀತಾ ಬಂತು. ಕ್ಲೇಮ್ ಇಲ್ಲ, ಮುಂದಿನ ವರ್ಷದ ಪ್ರೀಮಿಯಂನಲ್ಲಿ ಬೋನಸ್ ಕಡಿತ ಖಾತ್ರಿ ಆಯ್ತು. ಸಾಹುಕಾರರ ಮೀಸೆ ಕುಣೀತು. ಕಳ್ಳರು ಮುಟ್ಟಿದ್ರೆ ಕೂಗೋ ಯಂತ್ರ ಹಾಕಿಸಿದ್ರೆ ಇನ್ನೂ ಸ್ವಲ್ಪ ರಿಯಾಯಿತಿ ಐತೆ ಅಂತ ಬಾಯಿಬಿಟ್ಟವನು ನಾನೇ. ನನ್ನ ನಾಲಿಗೆಗೆ ಬರೆ ಹಾಕಬೇಕು.

"ನಮ್ಮ ಯಜಮಾನ್ರೂ ಕೂಗ್ತಾರಲ್ರೀ! ಯಂತ್ರಕ್ಕಾದ್ರೆ ಬ್ಯಾಟರಿ ಬೇಕು. ರಿಯಾಯಿತಿ ಕೊಡ್ಸಿ, ಇಲ್ಲಾಂದ್ರೆ ಬೇರೆ ಏಜೆಂಟ್ ನೋಡ್ಕೋತೀನಿ."

ದುರ್ಗದ ಆಫೀಸಿಗೆ ಹೋಗಿ ಮ್ಯಾನೇಜರ್ ಮುಂದೆ ತಲೆ ತಗ್ಗಿಸಿ ಹೇಳಿದೆ. ಅವರು ನಗಲಿಲ್ಲ. "ಯಂತ್ರಕ್ಕೆ ಸರ್ಟಿಫಿಕೇಟ್ ಕೇಳ್ತೀವಿ. ದೆವ್ವಕ್ಕೂ ತಗೊಂಡು ಬಾ" ಅಂದ್ರು.

4. ಸರ್ಟಿಫಿಕೇಟು

ಪಾಲಿಸಿ ಮುಗಿಯೋಕೆ ಎರಡು ದಿನ ಇದ್ದಾಗ, ಹಾಡಹಗಲೇ ಸಾಹುಕಾರರ ಶೇಂಗಾ ಮಂಡಿ ಮುಂದಿಂದ ಕಾರು ಕಳುವಾಯ್ತು. ಸಾಯಂಕಾಲದೊಳಗೆ ವರವು ಕಾವಲು ಅನ್ನೋ ಹುಲ್ಲುಗಾವಲ ಪಕ್ಕ ಸಿಕ್ತು. ನಾಲ್ಕೂ ಬಾಗಿಲು ತೆಗೆದಿದ್ದವು, ಒಂದು ಗೀರೂ ಬಿದ್ದಿರಲಿಲ್ಲ. ಕಳ್ಳ ತಾನಾಗೇ ಠಾಣೆಗೆ ಓಡಿಬಂದಿದ್ದ, ಒಂದೇ ಕಾಲಲ್ಲಿ ಚಪ್ಪಲಿ.

"ಹಿಂದೆ ಕೂತ ಮುದುಕಪ್ಪ ಹೆಗಲ ಮೇಲೆ ಕೈ ಇಟ್ಟು, ಮೊಳಕಾಲ್ಮೂರಿಗೆ ತಿರುಗಿಸಪ್ಪ, ಹೊತ್ತಾಯ್ತು ಅಂದ್ರು ಸಾಮಿ. ನನ್ನ ಒಳಗೇ ಇಟ್ಕೊಳ್ಳಿ!"

ಮಾರನೇ ದಿನ ಸಾಹುಕಾರರು ನನ್ನ ಮುಂದೆ ಒಂದು ಕಾಗದ ಇಟ್ರು: 'ಸದರಿ ಕಾರಿನಲ್ಲಿ ದೆವ್ವ ಇರುವುದು ಸತ್ಯ.' ಕೆಳಗೆ ಕಳ್ಳನ ಹೆಬ್ಬೆಟ್ಟು.

"ತಗೊಳ್ರಿ ಸರ್ಟಿಫಿಕೇಟು. ಇದಕ್ಕಿಂತ ದೊಡ್ಡ ಎಕ್ಸ್‌ಪರ್ಟ್ ಎಲ್ಲಿ ಸಿಗ್ತಾನೆ?"

ನಾಳೆಗೆ ಪಾಲಿಸಿ ಮುಗೀತದೆ, ಈ ಕಾಗದಕ್ಕೆ ಮ್ಯಾನೇಜರ್ ಒಪ್ಪಲ್ಲ. ಕೆಟ್ಟ ಧೈರ್ಯ ಬಂತು. "ಸಾಹುಕಾರ್ರೇ, ಕಾಯೋರು ಅವರು. ರಿಯಾಯಿತಿ ಬೇಕೋ, ಪೂರ್ತಿ ಕಟ್ಟಬೇಕೋ, ಅವರನ್ನೇ ಕೇಳೋಣ" ಅಂದೆ.

ಕಾರು ಮಂಡಿ ಮುಂದೇ ಇತ್ತು. ಡ್ರೈವರ್ ನನ್ನ ಪಕ್ಕದಲ್ಲಿ ಟೀ ಹಿಡ್ಕೊಂಡು ನಿಂತಿದ್ದ. ಸಾಹುಕಾರರು ಕೈಮುಗಿದು, "ಯಜಮಾನ್ರೇ, ಪೂರ್ತಿ ಕಟ್ಟಿಬಿಡ್ಲಾ?" ಅಂದ್ರು.

ಖಾಲಿ ಕಾರಿನ ಹಾರ್ನ್ ಒಂದೇ ಒಂದ್ಸಲ ಕೂಗ್ತು.

ಡ್ರೈವರನ ಲೋಟ ಕೆಳಗೆ ಬಿತ್ತು. ಸಾಹುಕಾರರು ನೋಟು ಎಣಿಸಿ ಪೂರ್ತಿ ಪ್ರೀಮಿಯಂ ಕಟ್ಟಿದ್ರು. ನಾನು ರಸೀದಿ ಬರೆದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಏಜೆಂಟನ ಪರವಾಗಿ ಮಾತಾಡಿದ ಗಿರಾಕಿ ಆ ಹಳೇ ಯಜಮಾನ್ರೊಬ್ಬರೇ, ಅದೂ ಸತ್ತ ಮೇಲೆ.